ಬಿಚ್ಚುವ ಪೀರಿಯಡ್

ಮೇ ತಿಂಗಳು. ಕೌಲ್ ಬಜಾರಿನ ಶಾಲೆ, ಸ್ಟಾಫ್ ರೂಮು.
ಫ್ಯಾನು ಬಳ್ಳಾರಿಯ ಬಿಸಿಲನ್ನೇ ತಿರುಗಿಸಿ
ಎಲ್ಲರಿಗೂ ಸಮನಾಗಿ ಹಂಚುತ್ತಿದೆ.
ಮುಂದೆ ಗೆರೆ ಎಳೆದ ದೊಡ್ಡ ಹಾಳೆ:
ತರಗತಿ, ಘಟಕ, ಪೀರಿಯಡ್, ಕಲಿಕಾ ಫಲ.
ಮೂರರಿಂದ ಐದರವರೆಗೆ ಕಂಪ್ಯೂಟರ್ ಪಾಠ,
ಸೋಮವಾರದೊಳಗೆ ಬೇಕಂತೆ, ಎರಡು ಪ್ರತಿ.

ಕಂಪ್ಯೂಟರ್ ಇರುವುದು ಒಂದು,
ಹೆಡ್ಮಾಸ್ಟರ್ ಮಾರೆಪ್ಪನವರ ಬೀರುವಿನ ಪಕ್ಕ.
ಹೊದಿಕೆ ಸರಿಸಿದರೆ
ಆಯುಧಪೂಜೆಯ ಕುಂಕುಮ ಇನ್ನೂ ಹಣೆಯಲ್ಲಿ.
ಮಕ್ಕಳು ಅರವತ್ತೆರಡು. ಭಾಗಿಸಿ ನೋಡಿದೆ:
ತಲೆಗೆ ವಾರಕ್ಕೆ ಒಂದೂಕಾಲು ನಿಮಿಷ,
ಕರೆಂಟು ಇದ್ದರೆ.

'ಭಾಗಗಳ ಹೆಸರು ಬರೆಸಿ ಮೇಡಂ,' ಅಂದರು ಶೇಕ್ಷಾವಲಿ ಸರ್,
'ಮಾನಿಟರ್, ಮೌಸ್, ಚಿತ್ರ ಬಿಡಿಸಿ ಬಣ್ಣ.
ಒಂದು ವರ್ಷ ಅದರಲ್ಲೇ ಹೋಗುತ್ತೆ.'
ಬರೆದೆ. ಹೊಡೆದುಹಾಕಿದೆ.
ಎತ್ತಿನ ಕೊಂಬು ಬಾಲ ಎಣಿಸಿ
ಉಳುಮೆ ಕಲಿಸಿದ ಹಾಗಾದೀತು.

ಮಾರ್ಚಿನಲ್ಲಿ ಒಂದು ಪಾಠ ಮಾಡಿದ್ದೆ, ಯಂತ್ರವಿಲ್ಲದೆ.
ನಾನೇ ಯಂತ್ರ. ಮೇಜಿನ ಮೇಲೆ ಬೋಗುಣಿಯಲ್ಲಿ ನೀರು,
ಮಂಡಕ್ಕಿ, ಈರುಳ್ಳಿ, ಪುಟಾಣಿ ಪುಡಿ.
'ಹೇಳಿದ್ದಷ್ಟೇ ಮಾಡ್ತೀನಿ,
ಮಂಡಕ್ಕಿ ಒಗ್ಗರಣೆ ಮಾಡಿಸಿಕೊಳ್ಳಿ ನೋಡೋಣ.'
'ನೀರಾಗ ಹಾಕ್ರಿ,' ಅಂದ ಎರ್ರಿಸ್ವಾಮಿ. ಹಾಕಿದೆ.
ತೆಗೆ ಅನ್ನಲಿಲ್ಲ ಯಾರೂ, ಹಿಂಡು ಅನ್ನಲಿಲ್ಲ.
ಕೈಕಟ್ಟಿ ನಿಂತೆ.
ಮಂಡಕ್ಕಿ ಉಬ್ಬಿ, ಕರಗಿ, ಅಂಬಲಿಯಾಯಿತು.
'ಅಷ್ಟೂ ಗೊತ್ತಾಗಲ್ಲೇನ್ರಿ ಟೀಚರ್!'
ನಗೆ ತಡೆಯದೆ ಮೂವರು ಬೆಂಚಿನ ಕೆಳಗೆ.
ಗೊತ್ತಾಗಲ್ಲ ಕಣ್ರೋ. ಅದಕ್ಕೆ ಗೊತ್ತಾಗಲ್ಲ.

ಆಗ ಕಿಟಕಿ ಕಡೆಯಿಂದ ಗೌಸಿಯಾ ಎದ್ದಳು,
ಉಗುರಿನ ಸಂದಿಗೆ ಜೀನ್ಸಿನ ನೀಲಿ ಹತ್ತಿದವಳು.
'ಈಗ ಬಿಚ್ಚೋದು ಹೆಂಗ್ರಿ?'

ಅವರ ಮನೆಗೆ ಹೋಗಿದ್ದೆ ಒಂದು ಸಂಜೆ.
ಗೋಡೆಯುದ್ದಕ್ಕೂ ತುಂಡುಬಟ್ಟೆಯ ಬಂಡಲು,
ತುಂಡು ತುಂಡಿಗೂ ಸೀಮೆಸುಣ್ಣದ ನಂಬರು.
ಜೇಬು ಕೂಡದೆ ಪಕ್ಕ ಕೂಡುವಂತಿಲ್ಲ,
ಪಕ್ಕ ಕೂಡದೆ ಸೊಂಟಪಟ್ಟಿಯ ಮಾತಿಲ್ಲ,
ನೂರು ಪ್ಯಾಂಟಿಗೆ ನೂರು ಸಲ ಅದೇ,
ದಾರ ಮುಗಿದರೆ ಮಾತ್ರ ನಿಲ್ಲು.
ಅವರಮ್ಮ ಶಾಹೀನಾ ಇದನ್ನು ಯಾವ ಘಟಕದಲ್ಲೂ ಓದಿದವಳಲ್ಲ.
ಆ ವಾರ ನಲವತ್ತಕ್ಕೆ ಜಿಪ್ಪು ತಿರುವುಮುರುವು ಕೂತಿತ್ತಂತೆ.
'ಹೊಲಿಯೋಕೆ ಒಂದು ರಾತ್ರಿ ಟೀಚರ್, ಬಿಚ್ಚೋಕೆ ಎರಡು ಹಗಲು.
ಎಳೆದರೆ ಬಟ್ಟೆ ಹರೀತದೆ.
ಎಲ್ಲಿಂದ ತಪ್ಪಿತು ಅಂತ ನೋಡಿಕೊಂಡು
ಅಲ್ಲಿಂದಷ್ಟೇ ಬಿಚ್ಚಬೇಕು.
ಇವಳ ಕಣ್ಣು ಚುರುಕು.'

ಆ ಎರಡು ಹಗಲು
ಗೌಸಿಯಾಳ ಹೆಸರಿನ ಮುಂದೆ
ಗೈರು ಎಂದು ಬರೆದದ್ದು ಇದೇ ಪೆನ್ನು.

ಹಾಳೆಗೆ ವಾಪಸು ಬಂದೆ.
ನಾಲ್ಕನೇ ತರಗತಿ. ಸೂಚನೆ ಬರೆಯುವುದು: ನಾಲ್ಕು ಪೀರಿಯಡ್.
ಬಿಚ್ಚುವುದು: ಎಂಟು.
ಶೇಕ್ಷಾವಲಿ ಸರ್ ಕನ್ನಡಕ ಹಣೆಗೇರಿಸಿದರು.
'ತಪ್ಪು ಮಾಡೋಕೆ ಎಂಟು ಪೀರಿಯಡ್ಡಾ?'
'ತಪ್ಪು ಎರಡು ನಿಮಿಷದಲ್ಲಿ ಆಗುತ್ತೆ ಸರ್.
ಎಂಟು, ಅದರ ಜಾಡು ಹಿಡಿಯೋಕೆ.'
ಅವರು ಮಾತಾಡಲಿಲ್ಲ. ಸ್ಕೇಲು ತೆಗೆದು
ಆ ಸಾಲಿನ ಗೆರೆಯನ್ನು ಸ್ವಲ್ಪ ಅಗಲ ಮಾಡಿಕೊಟ್ಟರು.

ಕಲಿಕಾ ಫಲದ ಕಾಲಂ ಬಾಕಿ.
ಬರೆದೆ: ಮಗು, ಪೂರಾ ಅಳಿಸದೆ, ಅಳದೆ,
ಎಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸುತ್ತದೆ.

ಆ ಹೊದಿಕೆ ಶಾಹೀನಾಳದ್ದೇ, ಮಿಕ್ಕ ಜೀನ್ಸಿನದು.
ಕಂಪ್ಯೂಟರನ್ನು ನೋಡದೆ ಹೊಲಿದದ್ದು,
ಕೇಳಿದ್ದು ಎರಡೇ ಮಾತು:
ಎತ್ತರ ಎಷ್ಟು ಗೇಣು, ವೈರು ಯಾವ ಕಡೆಗೆ?
ನಾನು ಹೇಳಿದ ಕಡೆ ತಪ್ಪಿತ್ತು.
ಎಡದ ಕಿಂಡಿ ಮುಚ್ಚಿ ಬಲಕ್ಕೆ ತೆರೆದಿದ್ದಾಳೆ;
ಹಳೇ ಹೊಲಿಗೆಯ ಸೂಜಿತೂತು
ಇರುವೆ ಸಾಲಿನಂತೆ ಹಾಗೇ ಇವೆ.

ಮೂರನೇ ತರಗತಿ, ಮೊದಲನೇ ಪೀರಿಯಡ್:
ಹೊದಿಕೆ ತೆಗೆಯುವುದಿಲ್ಲ.