ಡಾಂಬರಿನ ಕೆರೆ

ಏಪ್ರಿಲ್ ಇಪ್ಪತ್ತಾರು. ಟಿನ್‌ಕಪ್ ಸರೋವರ ಇನ್ನೂ ಬಾಯಿಬಿಟ್ಟಿಲ್ಲ.
ಮಂಜುಗಡ್ಡೆ ಮುದಿ ಹಲ್ಲಿನ ಬಣ್ಣಕ್ಕೆ ತಿರುಗಿದೆ.
ಅದರ ಮೇಲೆ ನಾವು ನಿಲ್ಲಿಸಿದ ಕೆಂಪು ಪೀಪಾಯಿ
ಸೊಂಟ ಓರೆಮಾಡಿ ನಿಂತಿದೆ, ಮುಳುಗಲೊಲ್ಲದು.
ಅದು ಮುಳುಗುವ ದಿನಕ್ಕೆ, ಗಂಟೆಗೆ, ನಿಮಿಷಕ್ಕೆ
ಊರೆಲ್ಲ ಎರಡೆರಡು ಡಾಲರ್ ಪಣ ಕಟ್ಟಿದೆ.
ನನ್ನದು ಹತ್ತೊಂಬತ್ತಕ್ಕಿತ್ತು; ಹೋಯಿತು.
ಡೆಲ್ಬರ್ಟ್ ಹಾಗ್ಲುಂಡನದು ಇಪ್ಪತ್ತೆಂಟು, ಮಧ್ಯಾಹ್ನ.
ಅವನು ಗೆಲ್ಲದಿರಲಿ ಎಂದು ದೇವರಲ್ಲಿ ಕೇಳಿದ್ದೂ ಉಂಟು.
ದೋಣಿಗಟ್ಟೆಯನ್ನು ಎರಡು ಗಜ ನನ್ನ ಕಡೆಗೆ ಸರಿಸಿದವನು,
ಹನ್ನೊಂದು ವರ್ಷದಿಂದ ಮಾತು ಬಿಟ್ಟ ನೆರೆಯವನು.

ಆರೂವರೆಗೆ ಸ್ಕೂಲ್ ಬಸ್ಸು ಹೊರಡಿಸುತ್ತೇನೆ.
ಈ ತಿಂಗಳು ಮಕ್ಕಳು ಏನೇನೋ ಹೊತ್ತು ಬರುತ್ತಾರೆ:
ಮೇಪಲ್ ಪಾಕದ ಹೊಗೆ ಹಿಡಿದ ಸ್ವೆಟರು, ಡಬ್ಬಿಯಲ್ಲಿ ಕಪ್ಪೆಮೊಟ್ಟೆ,
ಹಕ್ಕಿಕಾಳಿನ ಪೆಟ್ಟಿಗೆ ಮುರಿದ ಕರಡಿಯ ಕಥೆ
(ಒಂದೊಂದು ಸೀಟು ದಾಟಿದಂತೆ ಒಂದೊಂದು ಮರಿ ಹೆಚ್ಚು).
ಮೋರಿಯ ಬಳಿ ಒಂದು ನಿಮಿಷ ನಿಲ್ಲಿಸಲೇಬೇಕು.
ಹಿಮ ಕರಗಿ ತುಂಬಿದ ಹುಲ್ಲುಹಳ್ಳಕ್ಕೆ
ಮೊಟ್ಟೆಯಿಡಲು ಬಂದ ತೋಳುದ್ದದ ಪೈಕ್ ಮೀನು
ಬೆನ್ನು ಹೊರಹಾಕಿ ಹೊರಳುತ್ತವೆ;
ಹುಲ್ಲು ಅಲುಗಿದರೆ ಸಾಕು, ಇಡೀ ಬಸ್ಸು ಒಂದೇ ಕಡೆ ವಾಲುತ್ತದೆ.

ಆವತ್ತು ರಾತ್ರಿಯಿಡೀ ಮಳೆ ಬಿದ್ದಿತ್ತು.
ಅಗ್ನಿಶಾಮಕ ಠಾಣೆಯ ಮುಂದೆ ರಸ್ತೆ
ಆಕಾಶವನ್ನೇ ಹಾಸಿಕೊಂಡು ಮಲಗಿತ್ತು.
ನಡುವೆ ಏನೋ ಕಪ್ಪು. ಬ್ರೇಕ್ ಒತ್ತಿದೆ.
ಚೀಲವಲ್ಲ, ಟಯರಲ್ಲ. ಕೊರಳೆತ್ತಿತು.
ಲೂನ್.
ಬೆನ್ನ ತುಂಬ ಬಿಳಿ ಚೌಕ, ಯಾರೋ ಕೂತು ಎಣಿಸಿ ಇಟ್ಟ ಹಾಗೆ;
ಕಣ್ಣು ಕೆಂಡ.
ದಕ್ಷಿಣದ ಕಡಲಿಂದ ಹಾರಿ ಬಂದು, ತನ್ನ ಕೆರೆಗೆ ಬೀಗ ಬಿದ್ದದ್ದು ಕಂಡು,
ಹೊಳೆಯುವ ಡಾಂಬರನ್ನು ನಂಬಿ ಇಳಿದಿತ್ತು.

ಅದರ ಕಾಲು ಬಾಲದ ಬುಡದಲ್ಲಿ; ನೆಲದ ಮೇಲೆ ನಡೆಯಲಾರದು.
ಏಳಬೇಕಾದರೆ ನೀರ ಮೇಲೆ ದೂರ ಓಡಬೇಕು.
ರೆಕ್ಕೆ ಬಡಿಯಿತು, ಎದೆ ತರಚಿಕೊಂಡು ಎರಡಡಿ ಜಾರಿತು, ನಿಂತಿತು.
"ಅದಕ್ಕೆ ಯಾರೂ ಹೇಳಲಿಲ್ವಾ?" ಅಂದ ಆರು ವರ್ಷದ ಒರಿನ್.
ನಾನು ಬಾಗಿಲು ತೆರೆದೆ.

ಹಿಂದಿನಿಂದ ಹಾರ್ನ್. ಡೆಲ್ಬರ್ಟನ ಟ್ರಕ್ಕು.
ಇಳಿದ. ಬೈಯಲು ಬಾಯಿ ತೆರೆದ. ನೋಡಿದ. ಮುಚ್ಚಿದ.
ತಿರುಗಿ ಹೋಗಿ, ಮಗಳು ಐಸ್ ಹಾಕಿಯಲ್ಲಿ ಗೋಲು ಕಾಯುವಾಗ ತೊಡುವ
ದಪ್ಪ ಕೈಗವಸು ತಂದ.
"ಕೊಕ್ಕು ಕಠಾರಿ ಇದ್ದ ಹಾಗೆ. ಕಣ್ಣು ಜೋಪಾನ."
ಹನ್ನೊಂದು ವರ್ಷದಲ್ಲಿ ನನಗೆ ಆಡಿದ ಮೊದಲ ಮಾತು.

ಬಸ್ಸಿನ ಆಯಾ ಜೋಸೆಟ್ ಕೋಟು ಬಿಚ್ಚಿ ಹೊದಿಸಿದಳು.
"ಮಾಂಗ್," ಅಂದಳು, ತನ್ನ ಅಜ್ಜಿಯ ಒಜಿಬ್ವೆಯಲ್ಲಿ,
ತಡವಾಗಿ ಬಂದ ನೆಂಟರನ್ನು ಒಳಗೆ ಕರೆಯುವ ದನಿಯಲ್ಲಿ.

ಮುಂದಿನ ಸೀಟಲ್ಲಿ ಡೆಲ್ಬರ್ಟ್, ಮಡಿಲಲ್ಲಿ ಕೋಟು,
ಕೋಟಿನೊಳಗೆ ನಾಲ್ಕು ಕಿಲೋ ಸಿಟ್ಟು.
ಅದು ಅವನ ಪ್ಯಾಂಟಿನ ಮೇಲೆ ಧಾರಾಳವಾಗಿ ಹೇತಿತು.
ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ;
ಕನ್ನಡಿಯಲ್ಲಿ ನೋಡುತ್ತಿದ್ದ ನಾನು ನಕ್ಕೆ.

ಹೊಳೆ ಸರೋವರ ಸೇರುವಲ್ಲಿ ಮಾತ್ರ
ನೀಳವಾಗಿ, ಕಪ್ಪಾಗಿ, ತೆರೆದ ನೀರಿತ್ತು.
ಮೊಣಕಾಲುದ್ದ ಇಳಿದು ಬಿಟ್ಟ.
ಅದು ಒಂದು ಗಳಿಗೆ ತೇಲಿತು, ತನ್ನ ಭಾರ ನೀರಿಗೊಪ್ಪಿಸುತ್ತ.
ಆಮೇಲೆ ಸದ್ದಿಲ್ಲದೆ ಮುಳುಗಿತು.
ನಾವು ಉಸಿರು ಬಿಗಿಹಿಡಿದೆವು. ನಮ್ಮದು ಮುಗಿಯಿತು; ಅದರದ್ದು ಮುಗಿಯಲಿಲ್ಲ.
ಎಲ್ಲೋ ದೂರ, ಗಡ್ಡೆಯಂಚಿನ ಬಳಿ, ಎದ್ದಿತು.
ಕೂಗಲಿಲ್ಲ. ಕೂಗಬೇಕಿತ್ತು ಎಂದು ಮಕ್ಕಳಿಗೆ ಬೇಸರ.

ಶಾಲೆಗೆ ನಲವತ್ತು ನಿಮಿಷ ತಡ.
ವಹಿಯ ಕಾರಣದ ಕಾಲಮ್ಮಿನಲ್ಲಿ ಬರೆದೆ: ಹಕ್ಕಿ.

ಪೀಪಾಯಿ ಮೂವತ್ತರ ರಾತ್ರಿ ಮುಳುಗಿತು,
ದುಡ್ಡು ಅಂಚೆಕಚೇರಿಯ ಹುಡುಗಿಗೆ.
ಅದೇ ರಾತ್ರಿ ಸರೋವರದಿಂದ ಕೂಗು ಬಂತು,
ಅಳುವೋ ನಗುವೋ ಇವತ್ತಿಗೂ ಯಾರೂ ತೀರ್ಮಾನಿಸದ ಕೂಗು.
ನಾನು ದೀಪ ಹಾಕಿದೆ. ಡೆಲ್ಬರ್ಟನ ಅಡುಗೆಮನೆಯಲ್ಲೂ ದೀಪ.

ಮೇ ಮೊದಲ ವಾರ ಅವನು ದೋಣಿಗಟ್ಟೆ ಇಳಿಸಿದ,
ಈ ಸಲವೂ ಎರಡು ಗಜ ನನ್ನ ಕಡೆಗೇ.
ಅಳತೆಪಟ್ಟಿ ಹುಡುಕಿದೆ.
ಸಿಗಲಿಲ್ಲ ಅಂದುಕೊಂಡೆ.