ಷರಾ

ತಿಂಗಳ ಕೊನೆಯ ವಾರ. ತಿಕೋಟಾ ದಾಟಿ ಎಡಕ್ಕೆ
ದ್ರಾಕ್ಷಿ ಪಡದ ಬದುವಿನಲ್ಲಿ ಸರಕಾರಿ ಕೊಳವೆ, ನಂಬರು ಹದಿನೇಳು.
ಇದರ ನೀರು ಯಾರೂ ಕುಡಿದವರಲ್ಲ.
ಅಳೆಯಲಿಕ್ಕೆಂದೇ ಕೊರೆದದ್ದು.
ಮುಚ್ಚಳದ ಬೀಗಕ್ಕೆ ಎರಡು ಹನಿ ಎಣ್ಣೆ, ಒಂದು ಬೈಗುಳ;
ಆಮೇಲೆ ತೆರೆಯುತ್ತದೆ.

ಉಕ್ಕಿನ ಟೇಪಿಗೆ ಸೀಮೆಸುಣ್ಣ ಉಜ್ಜಿ
ಕತ್ತಲೊಳಗೆ ಇಳಿಬಿಡುತ್ತೇನೆ.
ಸದ್ದಿಲ್ಲ. ಕೈಗಷ್ಟೇ ತಿಳಿಯುವ ಭಾರ.
ಮೇಲೆಳೆದಾಗ ಸುಣ್ಣ ಎಲ್ಲಿ ತೊಯ್ದು ಕಪ್ಪಾಗಿದೆಯೋ
ಅಲ್ಲಿ ನೀರು.
ನನ್ನ ನೌಕರಿ ಇಷ್ಟೇ.

ಎಪ್ಪತ್ತೊಂದು ಮೀಟರ್ ನಲವತ್ತು.

ದಫ್ತರಿನ ಮೊದಲ ಹಾಳೆಗಳು
ಬಂದೇನವಾಜ್ ಮುಲ್ಲಾ ಅವರ ಗುಂಡಗಿನ ಅಕ್ಷರದವು.
ಆಗ ಇಲ್ಲಿ ತೆರೆದ ಬಾವಿ, ಆಳ ಒಂಬತ್ತು, ಹತ್ತು, ಎಂಟೂವರೆ.
ಷರಾ ಅಂಕಣವನ್ನು ಅವರು ಖಾಲಿ ಬಿಟ್ಟವರೇ ಅಲ್ಲ:
‘ಇಂದು ಬಾವಿಯಲ್ಲಿ ಕಪ್ಪೆ ಕೂಗಿತು.’
‘ಪಡುವಣ ಗೋಡೆಯಲ್ಲಿ ಗಿಳಿಗೂಡು. ಟೇಪು ಮೆಲ್ಲಗೆ ಬಿಡುವುದು.’
ಪಕ್ಕದಲ್ಲಿ ಮೇಲಧಿಕಾರಿಯ ಕೆಂಪು ಶಾಯಿ: ಅನಗತ್ಯ.
ಅಂದಿನಿಂದ ಷರಾ ಎಂದರೆ
ಇಲ್ಲ. ಇಲ್ಲ. ಇಲ್ಲ.
ನಾನೂ ಅದನ್ನೇ ಬರೆದೆ, ಹನ್ನೊಂದು ವರ್ಷ.

ಪಡದ ಧಣಿ ಧರೆಪ್ಪ ಅರಕೇರಿ ಬಂದರು,
ಕಾಗದದ ಪೊಟ್ಟಣದಲ್ಲಿ ಪಾವು ಮಣೂಕ.
ತಾಲೂಕು ‘ಅತಿಬಳಕೆ’ಯ ಪಟ್ಟಿಯಲ್ಲಿದೆ,
ಪರವಾನಗಿ ಇಲ್ಲದೆ ಹೊಸ ಬೋರು ಕೊರೆಯುವಂತಿಲ್ಲ,
ಅರ್ಜಿ ಮೂರು ಸಲ ತಿರುಗಿ ಬಂದಿದೆ.
‘ಅಕ್ಕಾರ, ನಿಮ್ಮ ಗೆರಿ ಒಂದೆಂಟು ಮೀಟರ್ ಮ್ಯಾಲ ಬರದ್ರ
ಯಾರ ಗಂಟ ಹೋಗತೈತ್ರಿ?
ನೀರಿಗೇನ್ ಓದಾಕ ಬರತೈತೇನು?’

ನಗು ಬಂತು. ಮಣೂಕ ಒಂದು ಬಾಯಿಗೆ ಹಾಕಿಕೊಂಡೆ, ಸುಳ್ಳೇಕೆ.
ಸಿಹಿಯಾಗಿತ್ತು.
ಎಷ್ಟು ನೀರು ಕುಡಿದು ಇಷ್ಟು ಒಣಗಿದೆಯೋ ಎಂದೂ ಅನ್ನಿಸಿತು.

ನನ್ನ ತಾಯಿಯ ಊರಿನ ಬಾವಡಿಯ ಗೋಡೆಯಲ್ಲಿ
ಕಲ್ಲಿನ ಕುದುರೆಯೊಂದಿತ್ತು.
ನೀರು ಅದರ ಮೊಣಕಾಲಿಗಿಂತ ಇಳಿದರೆ
ಎತ್ತಿನ ಕಪಲಿ ಬಂದ್. ಕೊಡ ಮಾತ್ರ, ಕುಡಿಯಲಿಕ್ಕೆ ಮಾತ್ರ.
ಯಾರು ಹೇಳಿದ್ದು? ಗೊತ್ತಿಲ್ಲ.
ಮೊಹರಿಲ್ಲ, ರಾಜ್ಯಪತ್ರವಿಲ್ಲ;
ಆದರೂ ಗೌಡರ ಎತ್ತೂ ನೊಗ ಇಳಿಸಿ ನಿಂತದ್ದನ್ನು
ಅವ್ವ ಕಣ್ಣಾರೆ ಕಂಡಿದ್ದಳು.
ಮೋಟರು ಬಂದ ವರ್ಷ ಕುದುರೆ ಪೂರಾ ಹೊರಬಿತ್ತು.
ಹುಡುಗರಿಗೆ ಸವಾರಿ.

ಈ ನೆನಪನ್ನು ಧರೆಪ್ಪನಿಗೆ ಹೇಳಲಿಲ್ಲ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಅಷ್ಟರಲ್ಲಿ ಬೇಲಿ ಸರಿಸಿಕೊಂಡು ನೀಲವ್ವ ಹೂಗಾರ.
ಎಂಟು ಗುಂಟೆ ಸ್ಯಾವಂತಿಗಿ, ಒಂದು ಬೋರು, ಇನ್ನೂರಿಪ್ಪತ್ತಡಿ.
‘ನನ್ನ ಬೋರು ಸತ್ತದ್ದು ನಿಮ್ಮ ಬುಕ್ಕಿನ್ಯಾಗ ಬರದೈತೇನ್ರಿ?’

ಇನ್ನೂರಿಪ್ಪತ್ತಡಿ ಅಂದರೆ ಅರವತ್ತೇಳು ಮೀಟರ್.
ಬೆರಳಿಟ್ಟು ಹಾಳೆ ಇಳಿದೆ.
ಶ್ರಾವಣ ಅರವತ್ತಾರು. ದಸರೆ ಅರವತ್ತಾರು ಎಂಬತ್ತು.
ಕಾರ್ತಿಕ ಅರವತ್ತೇಳು ಇಪ್ಪತ್ತು.
‘ಹೌದ್ರಿ,’ ಅಂದಳು, ‘ದೀವಳಿಗಿ ಪಾಡ್ಯದ ನಸುಕಿನ್ಯಾಗ.
ಬರೇ ಗಾಳಿ ಉಗುಳತಿತ್ತು.’
ಸಾವಿನ ತಾರೀಖು ಸರಕಾರಕ್ಕೂ ಗೊತ್ತಿದೆ ಎಂಬುದು
ಅವಳಿಗೆ ಸಮಾಧಾನವೋ ಸಿಟ್ಟೋ, ತಿಳಿಯಲಿಲ್ಲ.

ಎಂಟು ಮೀಟರ್ ಮೇಲೆ ಬರೆದರೆ
ಅವಳ ಬೋರು ಹಾಳೆಯಲ್ಲಿ ತುಂಬಿ ಹರಿಯುತ್ತದೆ,
ಹೊಲದಲ್ಲಿ ಒಣಗಿಯೇ ಇರುತ್ತದೆ.
ಪರಿಹಾರದವರು ಬಂದು ನೋಡುವುದು
ಹಾಳೆಯನ್ನು.

ಎಪ್ಪತ್ತೊಂದು ಬಿಂದು ನಾಲ್ಕು ಸೊನ್ನೆ, ಬರೆದೆ.
ಷರಾ: ‘ಪೂರ್ವದ ಹೂವಿನ ತೋಟ ಒಣಗಿದೆ.’
ಕೆಂಪು ಶಾಯಿ ಬರಲಿ.

ಧರೆಪ್ಪ ಪೊಟ್ಟಣ ಅಲ್ಲೇ ಬಿಟ್ಟು ಹೋದರು, ಮಾತಿಲ್ಲದೆ.
ನೀಲವ್ವ ಟೇಪು ಸುತ್ತುವುದನ್ನೇ ನೋಡುತ್ತ ನಿಂತಳು.
‘ಇದು ಎಟ್ಟ ಉದ್ದ ಐತ್ರಿ ಅಕ್ಕಾರ?’
‘ನೂರು ಮೀಟರ್.’

ಅವಳು ಬೆರಳು ಮಡಿಚಿ
ಎಣಿಸತೊಡಗಿದಳು.