ಉಳಿದವರ ಹಾಳೆ

ನಾಲ್ಕು ನಾಲ್ಕು ಜನ ಆಗಿ, ಶುಕ್ರವಾರದೊಳಗೆ ಹೆಸರು ಕೊಡಿ ಅಂದು
ಫಿಲೋಮೆನಾ ಮೇಡಂ ಗುಂಪಿಗೊಂದರಂತೆ ಹಾಳೆ ಇಟ್ಟರು ಮೊದಲ ಬೆಂಚಿನ ಮೇಲೆ.
ತಾಳಗಾವ ಗುಡ್ಡದಲ್ಲಿ ಅವತ್ತು ಗಾಳಿ ಜೋರು,
ಹಾರದಂತೆ ಯಾರೋ ಸ್ಕೂಟರಿನ ಕೀಲಿ ಇಟ್ಟರು.

ಅಂಕ ನೋಡಿ ಆರಿಸುತ್ತಾರೆ ಅಂದುಕೊಂಡಿದ್ದೆ, ಹುಚ್ಚಿ.
ಮಡಗಾಂವದವರು ಮಡಗಾಂವದವರ ಕಡೆ ಕುರ್ಚಿ ಎಳೆದರು,
ಒಂದೇ ಡಬ್ಬಿಯ ಬಂಗಡೆ ಹಂಚಿಕೊಂಡವರು ತಲೆ ಎತ್ತಲೂ ಇಲ್ಲ,
ನಾಗರಿಯಲ್ಲಿ ಕೊಂಕಣಿ ಬರೆಯುವವರು ಒಂದು ಕಿಟಕಿ,
ರೋಮಿಯಲ್ಲಿ ಬರೆಯುವವರು ಇನ್ನೊಂದು.
ಹಾಸ್ಟೆಲಿನ ಮಲಯಾಳಿ ಹುಡುಗಿಯರಿಗೆ ಕಣ್ಣೇ ಸಾಕಾಯಿತು.
ಯಾರೂ ಯಾರನ್ನೂ ಬೇಡ ಅನ್ನಲಿಲ್ಲ,
ಬೇಡ ಅನ್ನುವಷ್ಟು ಹೊತ್ತೂ ಬೇಕಾಗಲಿಲ್ಲ.

ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.

ಅಪ್ಪ ನೆನಪಾದ.
ವಾಸ್ಕೋ ನಾಕಾದಲ್ಲಿ ಬೆಳಗಿನ ಏಳಕ್ಕೆ
ಮೇಸ್ತ್ರಿ ಬೈಕಿನಿಂದ ಇಳಿಯದೆ ಬೆರಳು ತೋರಿಸುತ್ತಾನೆ:
ನೀ, ನೀ, ಆ ಕೆಂಪಂಗಿ.
ತೋಳು ನೋಡುತ್ತಾನೆ, ಮುಖ ನೋಡುವುದಿಲ್ಲ.
ಒಂಬತ್ತಾದರೂ ಉಳಿದವರು ಮನೆಗೆ ಹೋಗುವುದಿಲ್ಲ,
ಚಹಾದಂಗಡಿ ಮುಂದೆ ತಾವೇ ಒಂದು ಟೋಳಿ ಆಗಿ
ಯಾರದೋ ಬಾವಿಯ ಹೂಳೆತ್ತಲು ಹೋಗುತ್ತಾರೆ.
'ಅವತ್ತಿನ ಬುತ್ತಿ ಭಾಳ ರುಚಿ' ಅನ್ನುತ್ತಾನೆ,
ಯಾಕಂತ ಹೇಳುವುದಿಲ್ಲ.

ಇಲ್ಲಿ ಉಳಿದದ್ದು:
ಕಾಣಕೋಣದ ಕಾಡಂಚಿನಿಂದ ಎರಡು ಬಸ್ಸು ಬದಲಿಸಿ ಬರುವ ಸೋಯ್ರು ವೇಳಿಪ,
ಉಖ್ರುಲ್‌ನ ಶಿಮ್ರೈಚೋನ್ (ಹಾಜರಿಯಲ್ಲಿ ಅವಳ ಹೆಸರಿಗೆ ಬರೀ ಒಂದು ಕೆಮ್ಮು),
ಎಲ್ಲರೂ ಗೌರವಿಸಿ ದೂರ ಇಟ್ಟ ಸಿಸ್ಟರ್ ಜಸಿಂತಾ,
ಮತ್ತೆ ನಾನು, ರೇಣವ್ವ. ಇಲ್ಲಿ ರೇಣು.

ಮರುದಿನ ಬೋರ್ಡಿನ ಮೇಲೆ ವಿಷಯ ಬಂತು:
ಝುವಾರಿನಗರದ ಬಾಡಿಗೆ ಖೋಲಿಗಳು, ವಲಸೆ ಬಂದವರ ಸಂದರ್ಶನ.
ಊಟದ ಹೊತ್ತಿಗೆ ಲರಿಸ್ಸಾ ಬಂದಳು, ಭುಜದ ಮೇಲೆ ಕೈ.
ನಮ್ಮ ಗುಂಪಿಗೆ ಬಾ, ಕಾರಿದೆ.
ನಿನಗೆ ಕನ್ನಡ ಬರುತ್ತಲ್ಲ?

ಎರಡು ವರ್ಷ
ಅವ್ವನ ಫೋನು ಬಂದರೆ ಮೆಟ್ಟಿಲ ಕೆಳಗೆ ಹೋಗಿ ಪಿಸುಗುಟ್ಟಿದ್ದೆ,
ಕೊಂಕಣಿಯ ಮೂಗಿನ ಸ್ವರ ಕನ್ನಡಿಯೆದುರು ತಿದ್ದಿಕೊಂಡಿದ್ದೆ.
ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಹೋಗಬೇಕು ಅನಿಸಿತು, ಸುಳ್ಳು ಯಾಕೆ.
ಕಾರಿನ ಗಾಜು ಏರಿಸಿಕೊಂಡು ನನ್ನ ಓಣಿಗೇ ಹೋಗಿ ಇಳಿಯುವುದು,
ಅದೊಂದು ಸಲ ನೋಡಬೇಕಿತ್ತು.
'ಹೋಗು, ಬೇಜಾರಿಲ್ಲ' ಅಂದ ಸೋಯ್ರು,
ಹಾಳೆಯಲ್ಲಿ ನನ್ನ ಹೆಸರಿನ ಮೇಲೆ ಬಿದ್ದ ಚಹಾದ ಹನಿ ಒರೆಸುತ್ತ.
ಆ ಹಾಳೆ ಮಡಚಿ ಮೇಡಂ ಕೈಗೆ ಕೊಟ್ಟವಳು ನಾನೇ.

ಶನಿವಾರ, ಕದಂಬ ಬಸ್ಸು. ಸೇತುವೆ ಮೇಲೆ ಬಿಸಿಲು.
ಶಿಮ್ರೈ ಕೇಳಿದಳು: ಮೊದಲೇನು ಹೇಳಬೇಕು, ನಮಸ್ಕಾರವೋ, ಹೆಸರೋ?
ಅವೆಲ್ಲ ಆಮೇಲೆ, ಅಂದೆ. ಮೊದಲು ಇದು:
'ನಾವು ಮನಿ ಕೆಡವಾಕ ಬಂದವರಲ್ಲರಿ.'
ಕೆಡವಾಕ ಅನ್ನುವುದನ್ನು ಮೂರು ಸಲ ಕೆಡವಿದಳು ಅವಳು,
ಸೋಯ್ರು ನಕ್ಕ, ಸಿಸ್ಟರ್ ಟಿಕೀಟಿನ ಹಿಂದೆ ಬರೆದುಕೊಂಡರು.
ಹಿಂದಿನ ಸೀಟಿನಲ್ಲಿ ಬುಟ್ಟಿ ಅವಚಿ ಕೂತ ಮುದುಕಿ
ಮುಂದೆ ಬಾಗಿ ಕೇಳಿದಳು:
'ಮತ್ತ ಯಾಕ ಬಂದೀರವ್ವಾ?'